ಕೊಂಡಿಗಳ ಸಾಕ್ಷ್ಯ: ಶೋಧಯಂತ್ರಗಳ ಚರಿತ್ರೆಯ ಒಂದು ಅಧ್ಯಾಯ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋದ ರೈತ ಮಾರುವವನ ಮಾತನ್ನಷ್ಟೇ ನಂಬಿ ಹಣ ಎಣಿಸುವುದಿಲ್ಲ. ತನ್ನ ಎತ್ತನ್ನು ತಾನೇ ಹೊಗಳದ ಮಾಲೀಕ ಯಾರಿದ್ದಾನೆ? ಆದ್ದರಿಂದ ರೈತ ಅಕ್ಕಪಕ್ಕದ ನಾಲ್ಕು ಜನರನ್ನು ವಿಚಾರಿಸುತ್ತಾನೆ. ಅವರಲ್ಲಿಯೂ ಬಹುಕಾಲ ಬೇಸಾಯ ಮಾಡಿದ ಹಿರಿಯರ ಮಾತಿಗೆ ಹೆಚ್ಚು ಬೆಲೆ ಕೊಡುತ್ತಾನೆ. ಹೊಗಳುತ್ತಿರುವವನು ಮಾರುವವನಿಂದಲೇ ಹಣ ಪಡೆದ ದಲ್ಲಾಳಿ ಎಂದು ಗೊತ್ತಾದರೆ ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಇಂಟರ್ನೆಟ್ಟಿನಲ್ಲಿ ನಾವು ಒಂದು ವಿಷಯವನ್ನು ಹುಡುಕಿದಾಗ ಶೋಧಯಂತ್ರದ ಮುಂದೆ ನಿಲ್ಲುವ ಪ್ರಶ್ನೆಯೂ ಇದೇ. ಲಕ್ಷಾಂತರ ಪುಟಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು? ಯಾರ ಮಾತನ್ನು ನಂಬಬೇಕು? ಒಂದು ಜಾಲತಾಣ ಇನ್ನೊಂದಕ್ಕೆ ಹಾಕಿದ ಕೊಂಡಿಯನ್ನು ಸಾಕ್ಷ್ಯವೆಂದು ಎಣಿಸುವುದು ಇದಕ್ಕೆ ದೊರೆತ ಒಂದು ಉತ್ತರ. ಆ ಸಾಕ್ಷ್ಯಕ್ಕೆ ಬೆಲೆ ಬಂದೊಡನೆ ಅದು ಮಾರಾಟದ ಸರಕಾಯಿತು. ಸಾಕ್ಷಿ ಹೇಳುವವನಿಗೂ ವಿಷಯಕ್ಕೂ ಏನು ಸಂಬಂಧ ಎಂದು ಕೇಳಬೇಕಾಗಿ ಬಂದದ್ದು ಹೀಗೆ.

ಗ್ರಂಥಭಂಡಾರದಿಂದ ಬಂದ ವಿಚಾರ

ಈ ಉತ್ತರ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರ್ಯಾಂಕ್ ಶೆಪರ್ಡ್ ಎಂಬಾತ 1873ರಲ್ಲಿ ವಕೀಲರಿಗಾಗಿ ಒಂದು ಸೂಚಿಯನ್ನು ಆರಂಭಿಸಿದ. ಹಿಂದಿನ ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದನ್ನು ಅದು ತಿಳಿಸುತ್ತಿತ್ತು. ಇದರಿಂದ ಪ್ರೇರಣೆ ಪಡೆದ ಯುಜೀನ್ ಗಾರ್ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬರೆದು, ವಿಜ್ಞಾನಕ್ಕೂ ಇಂಥ ಉಲ್ಲೇಖ ಸೂಚಿ ಬೇಕೆಂದು ವಾದಿಸಿದರು. 1964ರಲ್ಲಿ ಅವರ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ರೂಪುಗೊಂಡಿತು.

ಆದರೆ ಎಲ್ಲ ಉಲ್ಲೇಖಗಳೂ ಸಮಾನವೇ? 1976ರಲ್ಲಿ ಗೇಬ್ರಿಯಲ್ ಪಿನ್ಸ್ಕಿ ಮತ್ತು ಫ್ರಾನ್ಸಿಸ್ ನರೀನ್ ಎಂಬ ವಿದ್ವಾಂಸರು ಇದಕ್ಕೆ ಗಣಿತದ ಉತ್ತರ ಕೊಟ್ಟರು. ಗೌರವಾನ್ವಿತ ಪತ್ರಿಕೆ ಮಾಡಿದ ಉಲ್ಲೇಖಕ್ಕೆ ಹೆಚ್ಚು ತೂಕವಿರಬೇಕು; ಒಂದು ಪತ್ರಿಕೆಯ ಗೌರವವಾದರೋ ಅದನ್ನು ಉಲ್ಲೇಖಿಸುವ ಇತರ ಪತ್ರಿಕೆಗಳ ಗೌರವದಿಂದಲೇ ನಿರ್ಧಾರವಾಗಬೇಕು ಎಂಬುದು ಅವರ ಸೂತ್ರದ ಸಾರ.

ಪೇಜ್‌ರ‍್ಯಾಂಕ್ ಗಣಿತ

1995ರ ಡಿಸೆಂಬರಿನಲ್ಲಿ ಬಂದ ಆಲ್ಟವಿಸ್ಟಾದಂಥ ಶೋಧಯಂತ್ರಗಳು ಮುಖ್ಯವಾಗಿ ಪುಟದಲ್ಲಿರುವ ಪದಗಳನ್ನು ನೋಡುತ್ತಿದ್ದವು. ಇದು ಎತ್ತು ಮಾರುವವನ ಮಾತನ್ನೇ ನಂಬಿದಂತೆ. ಪುಟದ ಹಿನ್ನೆಲೆಯ ಬಣ್ಣದಲ್ಲೇ, ಕಣ್ಣಿಗೆ ಕಾಣದಂತೆ, ಒಂದೇ ಪದವನ್ನು ನೂರಾರು ಸಲ ಬರೆದು ಯಂತ್ರವನ್ನು ಮೋಸಗೊಳಿಸುವವರು ಹುಟ್ಟಿಕೊಂಡರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಉಲ್ಲೇಖದ ತತ್ತ್ವವನ್ನು ಜಾಲಕ್ಕೆ ಅನ್ವಯಿಸಿದರು. ಅವರ 1998ರ ಪ್ರಬಂಧದಲ್ಲಿ 2 ಕೋಟಿ 40 ಲಕ್ಷ ಪುಟಗಳ ಮತ್ತು ಸುಮಾರು 51 ಕೋಟಿ 80 ಲಕ್ಷ ಕೊಂಡಿಗಳ ಲೆಕ್ಕವಿದೆ. ಅವರ ಪೇಜ್‌ರ‍್ಯಾಂಕ್ ಕ್ರಮವನ್ನು ಸರಳವಾಗಿ ಹೀಗೆ ಹೇಳಬಹುದು. ಪ್ರತಿ ಪುಟಕ್ಕೂ ಒಂದು ತೂಕವಿರುತ್ತದೆ. ಆ ಪುಟದಿಂದ 10 ಕೊಂಡಿಗಳು ಹೊರಟರೆ ತೂಕ 10 ಪಾಲಾಗಿ ಹಂಚಿಹೋಗುತ್ತದೆ. ತೂಕವುಳ್ಳ ಪುಟದಿಂದ ಬಂದ ಒಂದೇ ಕೊಂಡಿ, ಯಾರೂ ನೋಡದ ನೂರು ಪುಟಗಳ ಕೊಂಡಿಗಳಿಗಿಂತ ಬಲವಾಗಿರಬಹುದು. ಕೊಂಡಿಯ ಮೇಲೆ ಬರೆದಿರುವ ಮಾತುಗಳನ್ನೂ ಅವರ ಯಂತ್ರ ಗಮನಿಸುತ್ತಿತ್ತು. 1998ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿ ಸ್ಥಾಪನೆಯಾಯಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಈ ಮೂಲ ಗಣಿತದಲ್ಲಿ 'ವಿಷಯ' ಎಂಬುದಕ್ಕೆ ಸ್ಥಾನವಿರಲಿಲ್ಲ. ಬಟ್ಟೆ ಅಂಗಡಿಯ ಪುಟಕ್ಕೆ ಹೊಲಿಗೆ ಕಲಿಸುವ ಸಂಸ್ಥೆಯ ತಾಣದಿಂದ ಕೊಂಡಿ ಬರಲಿ, ಜೂಜಿನ ತಾಣದಿಂದ ಬರಲಿ, ಎರಡೂ ಪುಟಗಳ ತೂಕ ಮತ್ತು ಕೊಂಡಿಗಳ ಸಂಖ್ಯೆ ಒಂದೇ ಆಗಿದ್ದರೆ ಪೇಜ್‌ರ‍್ಯಾಂಕಿಗೆ ಎರಡೂ ಒಂದೇ.

ವಿಷಯ ಬಲ್ಲವರ ಮಾತು

ಈ ಕೊರತೆ ವಿದ್ವಾಂಸರ ಗಮನಕ್ಕೆ ಬಾರದೆ ಇರಲಿಲ್ಲ. ಅದೇ 1998ರಲ್ಲಿ ಜಾನ್ ಕ್ಲೈನ್‌ಬರ್ಗ್ ಬೇರೊಂದು ದಾರಿ ತೋರಿಸಿದರು. ಮೊದಲು ಹುಡುಕಿದ ವಿಷಯಕ್ಕೆ ಸಂಬಂಧಪಟ್ಟ ಪುಟಗಳನ್ನು ಒಟ್ಟುಗೂಡಿಸಿ, ಅವುಗಳ ನಡುವಣ ಕೊಂಡಿಗಳನ್ನು ಮಾತ್ರ ಲೆಕ್ಕ ಹಾಕುವುದು ಅವರ ಕ್ರಮ.

ಬೆಂಗಳೂರಿನಲ್ಲಿ ಶಾಲಾ ವಿದ್ಯಾಭ್ಯಾಸ ಮಾಡಿ ಮದ್ರಾಸಿನ ಐಐಟಿಯಲ್ಲಿ ಓದಿದ ಕೃಷ್ಣ ಭರತ್ ಅವರು ಜಾರ್ಜ್ ಮಿಹಾಯ್ಲಾ ಎಂಬ ಸಂಶೋಧಕರೊಡನೆ 'ಹಿಲ್‌ಟಾಪ್' ಎಂಬ ಕ್ರಮವನ್ನು ರೂಪಿಸಿ 2001ರಲ್ಲಿ ಅದರ ಪ್ರಬಂಧ ಮಂಡಿಸಿದರು. ಒಂದು ಪುಟ ಮೇಲೇರಬೇಕಾದರೆ ಆ ವಿಷಯ ಬಲ್ಲ ಕನಿಷ್ಠ ಎರಡು ಪುಟಗಳು ಅದರತ್ತ ಬೆರಳು ತೋರಬೇಕು. ಆ ಎರಡೂ ಒಂದೇ ಒಡೆತನಕ್ಕೆ ಸೇರಿರಬಾರದು ಎಂಬುದು ಅದರ ನಿಯಮ. ನ್ಯಾಯಾಲಯದಲ್ಲಿ ಅಣ್ಣನ ಪರವಾಗಿ ತಮ್ಮ ನುಡಿದ ಸಾಕ್ಷ್ಯವನ್ನು ಎಚ್ಚರಿಕೆಯಿಂದ ನೋಡುವಂತೆಯೇ ಇದು. 2002ರಲ್ಲಿ ಸ್ಟ್ಯಾನ್‌ಫರ್ಡಿನ ತಾಹೇರ್ ಹವೇಲಿವಾಲಾ ಕಲೆ, ಆರೋಗ್ಯ, ಕ್ರೀಡೆ, ವ್ಯಾಪಾರ ಮುಂತಾಗಿ 16 ವಿಭಾಗಗಳಿಗೆ ಬೇರೆ ಬೇರೆ ಪೇಜ್‌ರ‍್ಯಾಂಕ್ ಲೆಕ್ಕ ಹಾಕುವ ವಿಧಾನವನ್ನು ಮುಂದಿಟ್ಟರು. ಕ್ರೀಡೆಯಲ್ಲಿ ತೂಕವುಳ್ಳ ಪುಟ ಆರೋಗ್ಯದಲ್ಲಿಯೂ ತೂಕವುಳ್ಳದ್ದೇ ಆಗಬೇಕಿಲ್ಲ ಎಂಬ ಸಾಮಾನ್ಯ ತಿಳಿವಳಿಕೆಗೆ ಹೀಗೆ ಲೆಕ್ಕದ ರೂಪ ಬಂತು.

ಕೊಂಡಿಗಳ ಸಂತೆ

ಅಷ್ಟರಲ್ಲಿ ಕೊಂಡಿಗಳ ವ್ಯಾಪಾರ ಬೆಳೆದಿತ್ತು. ಪಟ್ಟಿಯಲ್ಲಿ ಮೇಲಿದ್ದರೆ ಗಿರಾಕಿಗಳು ಬರುತ್ತಾರೆ, ಕೊಂಡಿಗಳಿದ್ದರೆ ಮೇಲೇರಬಹುದು. ಹಾಗಾದರೆ ಕೊಂಡಿಗಳನ್ನೇ ಏಕೆ ಕೊಳ್ಳಬಾರದು? ಅಮೆರಿಕದ ಓಕ್ಲಹೋಮಾದ ಸರ್ಚ್‌ಕಿಂಗ್ ಎಂಬ ಸಂಸ್ಥೆ ಹೆಚ್ಚು ಪೇಜ್‌ರ‍್ಯಾಂಕ್ ಇರುವ ತಾಣಗಳಲ್ಲಿ ಹಣಕ್ಕೆ ಜಾಹೀರಾತು ಕೊಂಡಿಗಳನ್ನು ಒದಗಿಸತೊಡಗಿತು. ಗೂಗಲ್ ಅದರ ದರ್ಜೆಯನ್ನು ಇಳಿಸಿತು. ಸರ್ಚ್‌ಕಿಂಗ್ 2002ರಲ್ಲಿ ಮೊಕದ್ದಮೆ ಹೂಡಿತು. 2003ರಲ್ಲಿ ನ್ಯಾಯಾಲಯವು ಆ ಮೊಕದ್ದಮೆಯನ್ನು ವಜಾ ಮಾಡಿತು. ಶೋಧಯಂತ್ರವು ಪುಟಗಳಿಗೆ ಕೊಡುವ ದರ್ಜೆ ಒಂದು ಅಭಿಪ್ರಾಯ, ಅಂಥ ಅಭಿಪ್ರಾಯಕ್ಕೆ ಸಂವಿಧಾನದ ರಕ್ಷಣೆ ಇದೆ ಎಂಬುದು ಆ ತೀರ್ಪಿನ ತಿರುಳು.

2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟಿನ ಎಂಎಸ್ಎನ್ 'ನೋಫಾಲೋ' ಎಂಬ ಗುರುತನ್ನು ಜಾರಿಗೆ ತಂದವು. 'ಈ ಕೊಂಡಿ ಇಲ್ಲಿದೆ, ಆದರೆ ಇದು ನನ್ನ ಸಾಕ್ಷ್ಯವಲ್ಲ' ಎಂದು ತಾಣದ ಒಡೆಯ ಯಂತ್ರಕ್ಕೆ ತಿಳಿಸುವ ಗುರುತು ಅದು.

ಆದರೂ ಸಂತೆ ನಿಲ್ಲಲಿಲ್ಲ. 2011ರ ಫೆಬ್ರವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಒಂದು ವರದಿ ಪ್ರಕಟಿಸಿತು. ಅಮೆರಿಕದ ದೊಡ್ಡ ಅಂಗಡಿ ಸರಣಿಯಾದ ಜೆ.ಸಿ. ಪೆನ್ನಿ ಹಿಂದಿನ ಹಬ್ಬದ ದಿನಗಳಲ್ಲಿ ಉಡುಪು, ಹಾಸಿಗೆ ಬಟ್ಟೆ, ನೆಲಗಂಬಳಿ ಹೀಗೆ ಯಾವ ಪದ ಹುಡುಕಿದರೂ ಗೂಗಲ್ ಪಟ್ಟಿಯ ತುದಿಯಲ್ಲಿ ಕಾಣುತ್ತಿತ್ತು. ವಿಚಾರಿಸಿ ನೋಡಿದರೆ ಸಾವಿರಾರು ಕೊಂಡಿಗಳು ಅದರತ್ತ ಬೆರಳು ತೋರುತ್ತಿದ್ದವು. ಉಡುಪಿನ ಪುಟಕ್ಕೆ ಸಾಕ್ಷಿ ನುಡಿಯುತ್ತಿದ್ದವರು ಯಾರು? ಕಾರು, ನಾಯಿ, ಮೀನು ಹಿಡಿಯುವಿಕೆ, ಗೊರಕೆ, ದಂತವೈದ್ಯ, ಸ್ನಾನಗೃಹದ ಟೈಲ್ಸ್ ಮುಂತಾದ ವಿಷಯಗಳ ತಾಣಗಳು. ಉಡುಪಿಗೂ ಗೊರಕೆಗೂ ಏನು ಸಂಬಂಧ?

ಗೂಗಲ್ ಕ್ರಮ ಕೈಗೊಂಡಿತು. ಪ್ರಯಾಣದ ಸೂಟ್‌ಕೇಸಿನ ಒಂದು ಹುಡುಕಾಟದಲ್ಲಿ ಸಂಜೆ 7 ಗಂಟೆಗೆ 1ನೇ ಸ್ಥಾನದಲ್ಲಿದ್ದ ಅಂಗಡಿ 2 ಗಂಟೆಗಳಲ್ಲಿ 71ನೇ ಸ್ಥಾನಕ್ಕೆ ಕುಸಿಯಿತು. ಆ ಕೊಂಡಿಗಳಿಗೆ ತಾನು ಅನುಮತಿ ಕೊಟ್ಟಿರಲಿಲ್ಲವೆಂದು ಜೆ.ಸಿ. ಪೆನ್ನಿ ಹೇಳಿತು, ತನ್ನ ಶೋಧ ಸಲಹೆಗಾರ ಸಂಸ್ಥೆಯನ್ನು ಕೈಬಿಟ್ಟಿತು.

ಮರುವರ್ಷ, 2012ರ ಏಪ್ರಿಲ್‌ನಲ್ಲಿ, ಗೂಗಲ್ 'ಪೆಂಗ್ವಿನ್' ಎಂಬ ಮಾರ್ಪಾಡನ್ನು ತಂದಿತು. ಕೃತಕ ಕೊಂಡಿಗಳನ್ನು ನೆಚ್ಚಿದ ತಾಣಗಳು ಪಟ್ಟಿಯಲ್ಲಿ ಕೆಳಗಿಳಿದವು. ತಮ್ಮತ್ತ ಬಂದಿರುವ ಬೇಡದ ಕೊಂಡಿಗಳನ್ನು ನಿರಾಕರಿಸುವ ಸಾಧನವನ್ನು ಅದೇ ಅಕ್ಟೋಬರಿನಲ್ಲಿ ಒದಗಿಸಲಾಯಿತು. 2016ರಿಂದ ಇಡೀ ತಾಣವನ್ನು ಶಿಕ್ಷಿಸುವ ಬದಲು ಅಂಥ ಕೊಂಡಿಗಳ ಬೆಲೆಯನ್ನು ಕಳೆಯುವ ಕ್ರಮ ಬಂತು. ಸುಳ್ಳುಸಾಕ್ಷಿಯ ಮಾತನ್ನು ಕಡತಕ್ಕೇ ಸೇರಿಸದಿರುವಂತೆ ಇದು.

ಸಂಬಂಧ ಎಂದರೇನು?

ಹಾಗಾದರೆ ಬೇರೆ ಉದ್ಯಮದ ತಾಣದಿಂದ ಬಂದ ಕೊಂಡಿಗಳೆಲ್ಲ ಕೆಟ್ಟವೇ? ಹಲವರು ಹೀಗೆ ಭಾವಿಸುತ್ತಾರೆ. ಇದು ಸರಿಯಲ್ಲ. ಕೊಡಗಿನ ಕಾಫಿ ಬೆಳೆಗಾರರ ತಾಣವೊಂದು ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಗೆ ಕೊಂಡಿ ಹಾಕಿದರೆ ಅದು ಬೇರೆ ಕ್ಷೇತ್ರದ ಕೊಂಡಿಯೇ. ಆದರೆ ಹೂ ಬಿಡುವ ಕಾಲದ ಮಳೆಗೂ ಕಾಫಿಗೂ ಇರುವ ನಂಟು ಬೆಳೆಗಾರರಿಗೆ ಗೊತ್ತು. ಆಸ್ಪತ್ರೆಯ ಪುಟದಲ್ಲಿ ಬಸ್ ವೇಳಾಪಟ್ಟಿಯ ಕೊಂಡಿ ಇದ್ದರೂ ಅಷ್ಟೇ, ಓದುಗನಿಗೆ ಉಪಯೋಗವಿದೆ. ಗೂಗಲ್ ನಿಯಮಗಳು ಉದ್ಯಮಗಳ ನಡುವೆ ಗೋಡೆ ಕಟ್ಟಿಲ್ಲ. ಶ್ರೇಯಾಂಕ ಏರಿಸುವ ಉದ್ದೇಶಕ್ಕಾಗಿಯೇ ಕೊಂಡ ಅಥವಾ ಕಟ್ಟಿದ ಕೊಂಡಿಗಳನ್ನು ತಪ್ಪೆನ್ನುತ್ತವೆ. ನಮ್ಮ ರೈತನೂ ಪಶುವೈದ್ಯನ ಮಾತನ್ನು ಕೇಳುತ್ತಾನೆ, ಗಾಡಿ ಮಾಡುವ ಬಡಗಿಯ ಮಾತನ್ನೂ ಕೇಳುತ್ತಾನೆ. ಕಸುಬು ಬೇರೆಯಾದರೂ ಅವರಿಗೆ ಎತ್ತಿನ ಪರಿಚಯವಿದೆ.

ಈ ಚರಿತ್ರೆ ಇನ್ನೂ ಮುಗಿದಿಲ್ಲ. ಹೆಸರುವಾಸಿ ತಾಣಗಳು ತಮ್ಮ ಅಂಗಳದ ಒಂದು ಮೂಲೆಯನ್ನು ಬೇರೆಯವರ ವ್ಯಾಪಾರದ ಪುಟಗಳಿಗೆ ಬಾಡಿಗೆಗೆ ಕೊಡುವುದು ಹೆಚ್ಚಿದಾಗ, 2024ರ ಮಾರ್ಚ್‌ನಲ್ಲಿ ಗೂಗಲ್ ಅದರ ವಿರುದ್ಧವೂ ನಿಯಮ ಪ್ರಕಟಿಸಿತು. ಕೊಂಡಿಗೆ ಬೆಲೆ ಬಂದಾಗ ಕೊಂಡಿ ಮಾರಾಟವಾಯಿತು, ಹೆಸರಿಗೆ ಬೆಲೆ ಬಂದಾಗ ಹೆಸರೇ ಬಾಡಿಗೆಗೆ ಹೋಯಿತು.

ಪರೀಕ್ಷೆಗೋ ಪ್ರಬಂಧಕ್ಕೋ ವಿಷಯ ಹುಡುಕುವಾಗ ವಿದ್ಯಾರ್ಥಿಗಳು ಇದನ್ನು ನೆನಪಿಡುವುದು ಒಳಿತು. 2011ರಲ್ಲಿ ಉಡುಪು ಹುಡುಕಿದವರಿಗೆ ಆ ಮೊದಲ ಸ್ಥಾನ ಹೇಗೆ ಬಂತೆಂದು ತಿಳಿಯುವ ಮಾರ್ಗವಿರಲಿಲ್ಲ. ಉಡುಪಿನಲ್ಲಿ ಮೋಸಹೋದರೆ ಹೆಚ್ಚೆಂದರೆ ಸ್ವಲ್ಪ ಹಣ ಹೋದೀತು. ಔಷಧಿ, ಸಾಲ, ಚುನಾವಣೆಯ ವಿಷಯದಲ್ಲಿ ನಷ್ಟ ಅಷ್ಟಕ್ಕೇ ನಿಲ್ಲದು. ಪಟ್ಟಿಯ ಮೊದಲ ಸ್ಥಾನ ಒಂದು ಅಭಿಪ್ರಾಯವೇ ಹೊರತು ಸತ್ಯದ ಮುದ್ರೆಯಲ್ಲ. ಪುಟವನ್ನು ಬರೆದವರು ಯಾರು, ಅವರಿಗೆ ಆ ವಿಷಯ ಗೊತ್ತೇ, ಹೊಗಳುವುದರಿಂದ ಅವರಿಗೇನು ಲಾಭ, ಅವರೊಡನೆ ಸಂಬಂಧವಿಲ್ಲದ ಮತ್ತೊಬ್ಬರೂ ಅದನ್ನೇ ಹೇಳುತ್ತಾರೆಯೇ ಎಂದು ಕೇಳುವ ಕೆಲಸವನ್ನು ಯಂತ್ರಕ್ಕೇ ಪೂರ್ತಿ ಬಿಟ್ಟುಕೊಡಲಾಗದು. ಜಾತ್ರೆಗೆ ಹೋದ ರೈತನಂತೆ ಅದನ್ನು ನಾವೂ ಮಾಡಬೇಕು.