ಬೇಲೀಫ್ ರೈತಮನೆ

ಇಂಗ್ಲೆಂಡಿನ ಕೆಂಟ್ ಪ್ರಾಂತದ ಚಿಡಿಂಗ್‌ಸ್ಟೋನ್ ಬಳಿ ಇದ್ದ, ಮಧ್ಯಯುಗದ ಮರದ ಚೌಕಟ್ಟಿನ ಮನೆ. ಈಗ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಬಯಲು ವಸ್ತುಸಂಗ್ರಹಾಲಯದಲ್ಲಿದೆ. ಆಗ್ನೇಯ ಇಂಗ್ಲೆಂಡಿನ ‘ವೀಲ್ಡನ್’ ಮಾದರಿಗೆ ಉತ್ತಮ ನಿದರ್ಶನ.

ರಚನೆ: ಮನೆಯ ಹೃದಯಭಾಗ ಸೂರಿನವರೆಗೂ ತೆರೆದ ಎತ್ತರದ ನಡುಮನೆ. ನೆಲದ ಮಧ್ಯದಲ್ಲೇ ಒಲೆ ಉರಿಯುತ್ತಿತ್ತು. ಹೊಗೆ ಮೇಲೇರಿ ಮಾಡಿನ ಮೂಲಕ ಹೊರಹೋಗುತ್ತಿತ್ತು. ಇಕ್ಕೆಲಗಳ ಭಾಗಗಳಿಗೆ ಎರಡು ಅಂತಸ್ತು. ಒಂದು ಬದಿಯ ಕೆಳಗೆ ಆಹಾರ, ಪಾನೀಯಗಳ ಉಗ್ರಾಣ. ಇನ್ನೊಂದು ಬದಿಯ ಮೇಲೆ ಯಜಮಾನನ ಮಲಗುವ ಕೋಣೆ. ಎರಡೂ ಮೇಲಂತಸ್ತುಗಳು ಮುಂದಕ್ಕೆ ಚಾಚಿಕೊಂಡಿದ್ದು, ನಡುಮನೆ ಹಿಂದೆ ಸರಿದಂತೆ ಕಾಣುತ್ತದೆ. ಎಲ್ಲಕ್ಕೂ ಒಂದೇ ಮಾಡು. ಓಕ್ ಮರದ ಚೌಕಟ್ಟಿನ ನಡುವಣ ಗೋಡೆಗಳು ಮಣ್ಣು ಮೆತ್ತಿದ ತಡಿಕೆಯವು. ಕಿಟಕಿಗಳಿಗೆ ಗಾಜಿಲ್ಲ, ಮರದ ಸರಳು ಮತ್ತು ಕದಗಳಿವೆ.

ಮಾರ್ಪಾಡುಗಳು: ನಡುಮನೆ ಮತ್ತು ಉಗ್ರಾಣದ ಭಾಗ 15ನೆಯ ಶತಮಾನದ ಆರಂಭದವು. ಯಜಮಾನನ ಭಾಗ 16ನೆಯ ಶತಮಾನದ ಮೊದಲ ವರ್ಷಗಳದ್ದು. ಮುಂದೆ ಇಟ್ಟಿಗೆಯ ಹೊಗೆಗೂಡು ಬಂದಿತು. ಹೊಗೆಗೆ ದಾರಿಯಾದ್ದರಿಂದ ನಡುಮನೆಯ ಮೇಲೂ ಅಟ್ಟ ಹಾಕಿ ಕೋಣೆ ಮಾಡಲು ಸಾಧ್ಯವಾಯಿತು. ಇಂಗ್ಲೆಂಡಿನ ಅಸಂಖ್ಯ ರೈತಮನೆಗಳು ಬದಲಾದದ್ದು ಇದೇ ಬಗೆಯಲ್ಲಿ.

ಸ್ಥಳಾಂತರ: ಬೌ ಬೀಚ್ ಜಲಾಶಯದ ನಿರ್ಮಾಣದಿಂದಾಗಿ 1960ರ ದಶಕದ ಕೊನೆಯಲ್ಲಿ ಮನೆಯನ್ನು ತೊಲೆತೊಲೆಯಾಗಿ ಬಿಚ್ಚಲಾಯಿತು; ಬಳಿಕ ಸಿಂಗಲ್‌ಟನ್‌ನಲ್ಲಿ ಮರುಜೋಡಿಸಲಾಯಿತು. ಪುನರ್ರಚನೆಗೆ 16ನೆಯ ಶತಮಾನದ ರೂಪವನ್ನು ಆರಿಸಿಕೊಂಡದ್ದರಿಂದ ಹೊಗೆಗೂಡನ್ನು ಮತ್ತೆ ಕಟ್ಟಲಿಲ್ಲ. ಅರಮನೆ, ಚರ್ಚುಗಳಷ್ಟೇ ಅಲ್ಲ, ಸಾಮಾನ್ಯ ರೈತನ ವಾಸ್ತುಕೌಶಲವೂ ರಕ್ಷಣೆಗೆ ಅರ್ಹವೆಂಬುದಕ್ಕೆ ಈ ಮನೆ ಬಲವಾದ ಸಮರ್ಥನೆ.