ತೇಗದ ಎಲೆಯ ಪೊಟ್ಟಣ

ಪರವೂರಿಗೆ ಹೋದಾಗ 'ನಮ್ಮದು ಉಡುಪಿ ಕಡೆ' ಎಂದರೆ ಸಾಕು, ಎದುರಿದ್ದವರಿಗೆ ಮಸಾಲೆದೋಸೆಯ ನೆನಪಾಗುತ್ತದೆ. ತಪ್ಪು ಅವರದಲ್ಲ. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಅವರಂಥ ಹಲವರಿಂದ ಉಡುಪಿ ಎಂಬ ಹೆಸರು ಲೋಕವನ್ನೆಲ್ಲ ಸುತ್ತಿತು. ಆದರೆ ನಮ್ಮೂರಿನ ಬಂಟರು, ಬಿಲ್ಲವರು, ಮೊಗವೀರರು, ಕ್ರಿಶ್ಚಿಯನ್ನರು, ಬ್ಯಾರಿಗಳು ಇವರೆಲ್ಲರ ಅಡುಗೆಮನೆಯಲ್ಲಿ ದಿನವೂ ಕುದಿಯುತ್ತಿದ್ದದ್ದು ಮೀನಿನ ಸಾರು, ವಿಶೇಷದ ದಿನ ಕೋಳಿ. ಹೋಟೆಲಿನ ಚರಿತ್ರೆ ಬರೆದವರಿದ್ದಾರೆ. ಮಾಂಸದಂಗಡಿಯ ಚರಿತ್ರೆ ಬರೆದವರನ್ನು ನಾನು ಕಂಡಿಲ್ಲ. ಹಾಗಾಗಿ ನನಗೆ ಗೊತ್ತಿರುವಷ್ಟನ್ನು ಬರೆದಿಡೋಣವೆಂದು ಕೂತಿದ್ದೇನೆ.

ಕಾಪುವಿನಿಂದ ಶಿರ್ವದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮಾರ್ಗದ ಬದಿಯಲ್ಲಿ ಒಂದು ಬ್ಯಾರಿ ಕುಟುಂಬದ ಅಂಗಡಿ. ಸೋಗೆಯ ಮಾಡು, ಹುಣಸೆಮರದ ದಪ್ಪ ಕೊರಡು, ತೂಗುಹಾಕಿದ ಒಂದೇ ಒಂದು ಆಡು. ರವಿವಾರ ಬೆಳಿಗ್ಗೆ ಅಮ್ಮ ನನ್ನನ್ನು ಓಡಿಸುತ್ತಿದ್ದರು. ಅಜ್ಜ ಬ್ಯಾರಿ ಅರ್ಧ ಸೇರು ತೂಗಿ, ತೇಗದ ಎಲೆಯಲ್ಲಿ ಕಟ್ಟಿ, ಬಾಳೆಯ ನಾರಿನಿಂದ ಬಿಗಿದು ಕೊಡುತ್ತಿದ್ದರು. ತೇಗದ ಎಲೆ ಒದ್ದೆಯಾದರೆ ತಾನೇ ಕೆಂಪು ಬಿಡುತ್ತದೆ. ಅಂಗೈಯಲ್ಲಿ ಅಂಟಿದ ಕೆಂಪು ಎಲೆಯದ್ದೋ ರಕ್ತದ್ದೋ ಎಂದು ತಿಳಿಯದೆ, ದಾರಿಯುದ್ದಕ್ಕೂ ಪಾವಡೆಗೆ ಒರೆಸಿಕೊಂಡು, ಮನೆಗೆ ಬಂದು ಬೈಸಿಕೊಳ್ಳುತ್ತಿದ್ದೆ.

ಆ ಅಂಗಡಿಗೆ ಗೋಡೆಯ ಮೇಲಿನ ಕ್ಯಾಲೆಂಡರು ಸಾಲುತ್ತಿರಲಿಲ್ಲ. ಎಲ್ಲ ಜಾತಿಯವರ ಪಂಚಾಂಗವೂ ಅಜ್ಜ ಬ್ಯಾರಿಯ ತಲೆಯಲ್ಲಿರಬೇಕಿತ್ತು. ಸೋಮವಾರ ಹಿಂದೂಗಳು ಬರುವುದಿಲ್ಲ. ಸಂಕ್ರಮಣದಂದು ದೈವದ ಮನೆಯವರು ಮುಟ್ಟುವುದಿಲ್ಲ. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಪೊರ್ಬುಗಳು ಕಡಿಮೆ. ರಂಜಾನಿನಲ್ಲಿ ಸಂಜೆಯ ವ್ಯಾಪಾರ. ಮಹಾವೀರ ಜಯಂತಿ, ಗಾಂಧಿ ಜಯಂತಿಗೆ ಸರಕಾರವೇ ಬಾಗಿಲು ಹಾಕಿಸುತ್ತದೆ. ಮೂಡಣದ ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಅಹಿಂಸೆಯನ್ನು ನೆನಪಿಸುತ್ತ ನಿಂತಿದ್ದಾನೆ. ಪಡುವಣದ ಕಾಪುವಿನಲ್ಲಿ ಮಾರಿಯಮ್ಮ ಕೋಳಿಯ ಹರಕೆಯನ್ನು ಸ್ವೀಕರಿಸುತ್ತಾಳೆ. ಇವರಿಬ್ಬರ ನಡುವೆ ಬದುಕಿದವರು ನಾವು. ಯಾರಿಗೂ ಇದು ವಿರೋಧವೆಂದು ಅನ್ನಿಸಿರಲಿಲ್ಲ.

ಕಾಪುವಿನಲ್ಲಿ ಮೂರು ಮಾರಿಗುಡಿಗಳು. ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆ. ದೊಡ್ಡದು ಸುಗ್ಗಿಯದು, ಮಾರ್ಚಿನ ಮಂಗಳವಾರ-ಬುಧವಾರದಂದು. ಆ ದಿನ ಕೋಳಿ ಹಿಡಿದುಕೊಂಡು ಹೋಗುವವರಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಾರನೆಯ ದಿನ ಎಲ್ಲರ ಮನೆಯಲ್ಲೂ ಕೋಳಿಸಾರು, ಗರಿಗರಿ ರೊಟ್ಟಿ, ನೆಂಟರ ಸಾಲು. ಅದು ಬಿಟ್ಟರೆ ಕೋಳಿ ಅಂಕದಲ್ಲಿ ಗೆದ್ದು ತಂದ 'ಕಟ್ಟದ ಕೋರಿ'. ಗೇಣಿಯ ಕಾಲದಲ್ಲಿ ಬಡವರ ಮನೆಯಲ್ಲಿ ಮಾಂಸವೆಂದರೆ ಇಷ್ಟೇ. 1974ರ ಭೂಸುಧಾರಣೆ ಬಂದು ಒಕ್ಕಲುಗಳು ಭೂಮಿಯ ಒಡೆಯರಾದರು. ಬೊಂಬಾಯಿಯ ಮನಿಯಾರ್ಡರಿನ ಜೊತೆಗೆ ಗಲ್ಫಿನ ಹಣವೂ ಬರತೊಡಗಿತು. ಆಮೇಲೆ ರವಿವಾರದ ಮಾಂಸ ಅನೇಕ ಮನೆಗಳಿಗೆ ಕಾಲಿಟ್ಟಿತು. ಅಂಗಡಿಯ ಸೋಗೆಯ ಮಾಡಿಗೆ ಹಂಚು ಬಂದದ್ದು ಆಗಲೇ.

ಅಂಗಡಿ ಎಂದರೆ ಕತ್ತಿ ಹಿಡಿದ ಗಂಡಸು ಎಂದು ನಾವು ತಿಳಿದಿದ್ದೆವು. ಹಿತ್ತಲಿಗೆ ಹೋಗಿ ನೋಡಿದವರಿಗೆ ಗೊತ್ತು, ಅರ್ಧ ಅಂಗಡಿ ಅಲ್ಲಿತ್ತು. ಅಜ್ಜ ಬ್ಯಾರಿಯ ಸೊಸೆಯನ್ನು ಅವರ ಮಕ್ಕಳಂತೆ ನಾನೂ 'ಉಮ್ಮ' ಎನ್ನುತ್ತಿದ್ದೆ. ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ, ಬೋಟಿಯನ್ನು ಬಿಸಿನೀರಿನಲ್ಲಿ ಅದ್ದಿ, ಚಿಪ್ಪಿನಿಂದ ಕೆರೆದು ಬೆಳ್ಳಗೆ ಮಾಡುವುದು ಉಮ್ಮ. ತಲೆ-ಕಾಲುಗಳನ್ನು ಬೆಂಕಿಯಲ್ಲಿ ಸುಟ್ಟು ರೋಮ ತೆಗೆಯುವುದು ಉಮ್ಮ. ಚರ್ಮಕ್ಕೆ ಉಪ್ಪು ಸವರಿ ಮಡಚಿಡುವುದು, ಆಡುಗಳಿಗೆ ಹಲಸಿನ ಸೊಪ್ಪು ಹಾಕುವುದು, ಯಾರ ಮನೆಯ ಬಾಕಿ ಎಷ್ಟೆಂದು ನೆನಪಿಡುವುದೂ ಉಮ್ಮನೇ. ಓದು ಬಾರದ ಆಕೆ ಗೋಡೆಯ ಮೇಲೆ ಮಸಿಯ ಗೆರೆ ಎಳೆದು ಲೆಕ್ಕ ಇಡುತ್ತಿದ್ದರು. ದುಡ್ಡಿನ ಪೆಟ್ಟಿಗೆಯ ಬೀಗದ ಕೈ ಮಾತ್ರ ಗಂಡಸರ ಸೊಂಟದಲ್ಲಿ. ಇದನ್ನು ಓದುವ ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ.

1972ರಲ್ಲಿ ಅಕ್ಕ ಹೆರಿಗೆಗೆ ಬಂದಳು. ಹೆತ್ತ ಮೇಲೆ ತುಂಬ ಸೊರಗಿದಳು. ಬೊಂಬಾಯಿಯ ಹೋಟೆಲಿನಲ್ಲಿದ್ದ ಅಪ್ಪನ ಹಣ ಎರಡು ತಿಂಗಳು ಬರಲಿಲ್ಲ. ಆಗ ಉಮ್ಮ ದಿನ ಬಿಟ್ಟು ದಿನ ಆಡಿನ ಕಾಲು ಸುಟ್ಟು, ಸ್ವಚ್ಛ ಮಾಡಿ, ಎಲೆಯಲ್ಲಿ ಕಟ್ಟಿ ತಾವೇ ಹಿಡಿದುಕೊಂಡು ಬರುತ್ತಿದ್ದರು. ಅಮ್ಮ ಬಾಕಿಯ ಮಾತೆತ್ತಿದರೆ, "ಅಕ್ಕಾ, ಲೆಕ್ಕ ಮತ್ತೆ ಮಾಡುವ. ಮೊದಲು ಬಾಣಂತಿ ಏಳಲಿ" ಎನ್ನುತ್ತಿದ್ದರು. ಆ ಕಾಲುಸೂಪು ಕುಡಿದೇ ಅಕ್ಕ ಎದ್ದಳು. ಆ ಮನೆಯ ಋಣ ನಮ್ಮ ಮೇಲೆ ಅಷ್ಟಿದೆ.

ಈಗ ಹೇಳಬೇಕಾದ ಮಾತು. ಅಷ್ಟು ದಿನ ಬಂದ ಉಮ್ಮ ಒಮ್ಮೆಯೂ ನಮ್ಮ ಜಗಲಿ ಹತ್ತಲಿಲ್ಲ. ಅಂಗಳದ ಬದಿಯ ಕಲ್ಲಿನ ಮೇಲೆ ಕೂರುತ್ತಿದ್ದರು. ಅಮ್ಮ ಪ್ರೀತಿಯಿಂದಲೇ ಚಹಾ ಕೊಡುತ್ತಿದ್ದರು, ಆದರೆ ಬೇರೆ ಲೋಟದಲ್ಲಿ. ಕುಡಿದ ಮೇಲೆ ಉಮ್ಮ ತಾವೇ ತೊಳೆದು, ತೆಂಗಿನ ಬುಡದಲ್ಲಿ ಕವುಚಿಟ್ಟು ಹೋಗುತ್ತಿದ್ದರು. ಅವರು ತೊಳೆದು ತಂದ ಮಾಂಸ ನಮ್ಮ ಬಾಣಂತಿಯ ಹೊಟ್ಟೆಗೆ ಆಗುತ್ತಿತ್ತು. ಅವರ ತುಟಿ ಸೋಕಿದ ಲೋಟ ಅಡುಗೆಮನೆಗೆ ಆಗುತ್ತಿರಲಿಲ್ಲ. ಅಮ್ಮ ಕೆಟ್ಟವರಲ್ಲ. ನಾನೂ ಆ ಲೋಟವನ್ನು ದಿನವೂ ಕಂಡವಳು, ಒಂದು ಮಾತು ಕೇಳಲಿಲ್ಲ.

2022ರ ಮಾರ್ಚಿನಲ್ಲಿ ಈ ಲೋಟ ನೆನಪಾಗಿ ನನಗೆ ನಿದ್ದೆ ಬರಲಿಲ್ಲ. ಹಿಜಾಬ್ ತೀರ್ಪಿಗೆ ವಿರೋಧವಾಗಿ ಮುಸ್ಲಿಮರು ಮಾರ್ಚ್ 17ರಂದು ಅಂಗಡಿಗಳನ್ನು ಮುಚ್ಚಿದ್ದರು; ಅದರ ಬೆನ್ನಿಗೇ ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡುವುದಿಲ್ಲವೆಂದು ತೀರ್ಮಾನವಾಯಿತು. ಸ್ವಲ್ಪ ದಿನದಲ್ಲೇ ಯುಗಾದಿಯ ಮಾರನೆಯ ದಿನ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕೂಗು ರಾಜ್ಯದಲ್ಲೆಲ್ಲ ಎದ್ದಿತು. ಕಾಪುವಿನಿಂದ ಸ್ವಲ್ಪವೇ ತೆಂಕಣಕ್ಕೆ ಮೂಲ್ಕಿಯ ಬಪ್ಪನಾಡು ದೇವಸ್ಥಾನವಿದೆ. ಅದನ್ನು ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ವ್ಯಾಪಾರಿ ಎಂಬ ಐತಿಹ್ಯವನ್ನು ಕೇಳಿಯೇ ನಾವು ಬೆಳೆದದ್ದು. 'ನಮ್ಮಲ್ಲಿ ಹೀಗೆಲ್ಲ ಇರಲಿಲ್ಲ' ಎಂದು ಹಲವರು ಮರುಗಿದರು. ನಾನೂ ಹಾಗೆಯೇ ಹೇಳಹೊರಟೆ, ಬಾಯಿ ಬರಲಿಲ್ಲ. ಮಳಿಗೆ ಇಲ್ಲವೆಂದದ್ದು ಹೊಸದು. ಬೇರೆ ಲೋಟ ಹಳೆಯದು. ಅಂಗಳದ ಕಲ್ಲಿನ ತನಕ ಮಾತ್ರ ಬಂದ ಸೌಹಾರ್ದ ಎಷ್ಟು ದಿನ ತಾಳೀತು?

ಮರುವಾರ ಆ ಮನೆಗೆ ಹೋದೆ. ಅಂಗಡಿ ಈಗ ಮೊಮ್ಮಗನದು. ಆಡು ವಾರಕ್ಕೊಮ್ಮೆ, ಉಳಿದ ದಿನ ಬ್ರಾಯ್ಲರ್ ಕೋಳಿ, ಪ್ಲಾಸ್ಟಿಕ್ ಚೀಲ. ಹುಣಸೆಯ ಕೊರಡು ನಡುವೆ ಬಟ್ಟಲಿನಂತೆ ಸವೆದಿದೆ. ಆ ದಿನಗಳಲ್ಲಿ ಗಿರಾಕಿ ಕಡಿಮೆಯಾಗಿತ್ತು. ಕೆಲವರು ಮಾತ್ರ ಕತ್ತಲಾದ ಮೇಲೆ ಬಂದು ಕೊಂಡುಹೋಗುತ್ತಾರೆ ಎಂದು ಆತ ನಗುತ್ತಲೇ ಹೇಳಿದ.

ಉಮ್ಮ ಒಳಗೆ ಮಂಚದಲ್ಲಿದ್ದರು. ಕಣ್ಣು ಮಂಜು. ದನಿ ಹಿಡಿದೇ ಗುರುತಿಸಿ, "ಅಕ್ಕ ಹೇಗಿದ್ದಾಳೆ?" ಎಂದು ಕೇಳಿದರು. ಐವತ್ತು ವರ್ಷವಾದರೂ ಅವರಿಗೆ ಆಕೆ ಬಾಣಂತಿಯೇ. ನಾನು ನೀರು ಕೇಳಿದೆ. ಸೊಸೆ ಒಳಗಿನಿಂದ ಹೊಸ ಸ್ಟೀಲಿನ ಲೋಟ ಹುಡುಕಹೊರಟಳು. "ಬೇಡ ಮಗಾ, ಉಮ್ಮನ ಲೋಟದಲ್ಲೇ ಕೊಡು" ಎಂದೆ.

ಕುಡಿದು, ಲೋಟವನ್ನು ತೊಳೆಯಲು ಎದ್ದೆ. ಉಮ್ಮ ನನ್ನ ಕೈ ಹಿಡಿದು ಕೂರಿಸಿದರು. "ಇಲ್ಲಿ ಯಾರೂ ತೊಳೆದಿಡಬೇಕಾಗಿಲ್ಲ" ಎಂದರು. ಅವರಿಗೂ ಆ ಲೋಟ ನೆನಪಿತ್ತು.