ಬೆಂಗಳೂರು ಪೇಟೆ: ಇಳಿಕೆ ಮತ್ತು ಪುನರುಜ್ಜೀವನದ ಇತಿಹಾಸ

ಬೆಂಗಳೂರು ಪೇಟೆ ಒಂದನೆಯ ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುವ ಹಳೆಯ ಊರು. ಇಂದು ಅವೆನ್ಯೂ ರಸ್ತೆ ಎನಿಸಿಕೊಂಡಿರುವ ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕ ಅದರ ನಡು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆಗಳು ಸುತ್ತಲಿನ ಕಸುಬು-ವ್ಯಾಪಾರದ ಕೇರಿಗಳು. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಮುತ್ತಿಗೆ, 1809ರಲ್ಲಿ ಬ್ರಿಟಿಷರ ದಂಡು (ಕಂಟೋನ್ಮೆಂಟ್) ನೆಲೆಯೂರಿದ್ದು, 1949ರಲ್ಲಿ ಪೇಟೆ, ದಂಡು ಎರಡೂ ಊರುಗಳು ಒಂದೇ ನಗರಪಾಲಿಕೆಗೆ ಸೇರಿದ್ದು ಎಲ್ಲರೂ ಬರೆದಿರುವ ಸಂಗತಿಗಳು. ಗೊಂದಲವಿರುವುದು ಪೇಟೆಯ ಇಳಿಕೆಯ ವಿಷಯದಲ್ಲಿ.

1898ರ ಪ್ಲೇಗಿನಿಂದ ಪೇಟೆ ಬರಿದಾಯಿತು, ಮಲ್ಲೇಶ್ವರ, ಬಸವನಗುಡಿಗಳು ಹುಟ್ಟಿದವು ಎಂಬುದು ರೂಢಿಯ ವಿವರಣೆ. ಆದರೆ ಚಾಮರಾಜಪೇಟೆ 1892ರಲ್ಲೇ ತಲೆಯೆತ್ತಿತ್ತು. ಅಂದರೆ ಅನುಕೂಲಸ್ಥರು ಹೊರಬೀಳುವುದಕ್ಕೆ ಆಗಲೇ ದಾರಿಯಾಗಿತ್ತು. ಪ್ಲೇಗು ಅದಕ್ಕೆ ಅವಸರ ತಂದಿತು. ಇನ್ನೂ ಮುಖ್ಯವಾಗಿ, ಹೊರಗೆ ಹೋದದ್ದು ವಾಸದ ಮನೆ, ಅಂಗಡಿಯಲ್ಲ. ಸಿದ್ದಿಕಟ್ಟೆ ಎಂಬ ಹಳೆಯ ಕೆರೆಯ ಜಾಗದಲ್ಲಿ 1920ರ ದಶಕದಲ್ಲಿ ಎದ್ದುನಿಂತ ಕೃಷ್ಣರಾಜೇಂದ್ರ ಮಾರುಕಟ್ಟೆ ಸಾಯುತ್ತಿದ್ದ ಊರಿನ ಗುರುತಾಗಲಾರದು. ಪೇಟೆಯಲ್ಲಿ ಇಳಿದದ್ದು ವಾಸದ ಗುಣ: ನೀರು, ಚರಂಡಿ, ಹಳೆಯ ಮನೆಗಳ ದುರಸ್ತಿ. 1945ರ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯಾಗಲಿ, 1976ರಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಗಲಿ ದುಡಿದದ್ದು ಹೆಚ್ಚಾಗಿ ಊರ ಹೊರಗಿನ ಬಡಾವಣೆಗಳಿಗೆ. ಆದ್ದರಿಂದ ಈ ಇಳಿಕೆಗೆ ರೋಗಕ್ಕಿಂತ ಆಡಳಿತದ ಉಪೇಕ್ಷೆಯೇ ದೊಡ್ಡ ಕಾರಣ.

ಪೇಟೆಯನ್ನು ಸಂಚಾರದ ಅಡಚಣೆಯೆಂದು ಕಂಡ ಕಾಲದ ಫಲ 1999ರ ಸಿರ್ಸಿ ವೃತ್ತದ ಮೇಲ್ಸೇತುವೆ. ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಅದು ಮೈಸೂರು ರಸ್ತೆಯ ವಾಹನಗಳನ್ನು ಮಾರುಕಟ್ಟೆಯ ತಲೆಯ ಮೇಲಿಂದ ದಾಟಿಸುತ್ತದೆ. ಕೆಳಗೆ ಹೂವಿನ ಮೂಟೆ ಹೊತ್ತವರ ಇಕ್ಕಟ್ಟು ಹಾಗೇ ಉಳಿಯಿತು. ಅವೆನ್ಯೂ ರಸ್ತೆಯನ್ನು ಅಗಲಿಸುವ ಪ್ರಸ್ತಾಪಕ್ಕೆ ವ್ಯಾಪಾರಿಗಳು ಅಡ್ಡನಿಂತರು. ಅಗಲಿಸದಿದ್ದರೆ ಇಂಥ ಗಲ್ಲಿಗಳಿಗೆ ಅಗ್ನಿಶಾಮಕ ವಾಹನ ನುಗ್ಗುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಇಲ್ಲಿನ ಅನೇಕ ಅಂಗಡಿಗಳಿಗೆ ಆಳವೇ ಕಡಿಮೆ. ಮುಂಭಾಗ ಒಡೆದರೆ ಅಂಗಡಿಯೇ ಇರುವುದಿಲ್ಲ. ಸರಕು ಇಳಿಸುವ ಹೊತ್ತನ್ನು ಗೊತ್ತುಪಡಿಸಿ, ತಂತಿಗಳನ್ನು ನೆಲದಡಿಗೆ ಇಳಿಸಿ, ವಾಹನ ನಿಲುಗಡೆ ತೆರವುಗೊಳಿಸಿದರೆ ಇದ್ದ ಅಗಲದಲ್ಲೇ ದಾರಿ ಸಿಗುತ್ತದೆ.

ನಿಜವಾದ ತಿರುವು 2017ರ ಜೂನ್. ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುರಂಗ ನಿಲ್ದಾಣಗಳು ಆಗ ತೆರೆದವು. ಮೇಲ್ಸೇತುವೆ ಪೇಟೆಯನ್ನು ದಾಟಿಹೋಗಲು ಕಟ್ಟಿದ್ದು. ಈ ನಿಲ್ದಾಣಗಳು ಪೇಟೆಗೆ ಬರುವವರಿಗಾಗಿ. ಆಮೇಲೆ ಸ್ಮಾರ್ಟ್ ಸಿಟಿ ಯೋಜನೆಯಡಿ ಅವೆನ್ಯೂ ರಸ್ತೆಯ ಮರುನಿರ್ಮಾಣವಾಯಿತು, ಮಾರುಕಟ್ಟೆಯ ನವೀಕರಣವೂ ನಡೆಯಿತು. ಹಳೆಯ ವಾಸದ ಮನೆಗಳ ದುರಸ್ತಿ ಮಾತ್ರ ಇಂದಿಗೂ ಹೆಚ್ಚಾಗಿ ಮಾಲೀಕರ ಪಾಲಿಗೇ ಉಳಿದಿದೆ.